ಕೊಸರಿಗೆ ಬಂದ ಬಣ್ಣ

ಮೊನ್ನೆ ನಮ್ಮ ಅಣ್ಣನ ಮಗ ಶಿವು ಬಂದಿದ್ದ. ಹೈಸ್ಕೂಲಿನಲ್ಲಿ ಮಾಸ್ತರ. ನನ್ನ ಹೆಂಡತಿ ಕಸ್ತೂರಿ ಚಹಾ ತಂದುಕೊಟ್ಟಳು. ನಮ್ಮ ಕಡೆ ಚಹಾ ಕಪ್ಪಿನಲ್ಲಿ ಬರುತ್ತದೆ, ಬಸಿಯಲ್ಲಿ, ಅಂದರೆ ಸಾಸರಿನಲ್ಲಿ, ಒಳಗೆ ಹೋಗುತ್ತದೆ. ನೇರ ಕಪ್ಪಿಗೇ ಬಾಯಿ ಹಚ್ಚುವವನಿಗೆ ಎಲ್ಲೋ ಬಸ್ಸು ತಪ್ಪುತ್ತಿದೆ ಎಂದು ತಿಳಿಯುತ್ತೇವೆ. ಶಿವು ಬಸಿಗೆ ಬಗ್ಗಿಸಿಕೊಂಡ, ಊದಿದ, ತುಟಿಯ ಹತ್ತಿರ ತಂದ, ಅಲ್ಲಿಯೇ ನಿಂತುಬಿಟ್ಟ. ಬಿಳಿ ಪಿಂಗಾಣಿ ಬಸಿಯ ಅಂಚಿನಲ್ಲಿ ಪಾಚಿ ಕಟ್ಟಿದ ಹಾಗೆ ಒಂದು ಹಸಿರು ಕಲೆ.

“ಕಾಕಿ, ಬಸಿಗೆ ಏನೋ ಹತ್ತ್ಯದಲ್ಲ?”

“ಬಣ್ಣೋ ಅದು. ನೀ ತೊಟ್ಟಿಲದಾಗ ಇದ್ದಾಗಿಂದು. ಎಷ್ಟ ತಿಕ್ಕಿದ್ರೂ ಹೋಗಂಗಿಲ್ಲ. ಕುಡಿ, ಏನೂ ಆಗಂಗಿಲ್ಲ. ನಿಮ್ಮ ಕಾಕಾ ದಿನಾ ಅದರಾಗ ಕುಡೀತಾರ, ಒಂದಿನಾನೂ ಬಾಯಿ ಬಿದ್ದಿಲ್ಲ.”

ಶಿವು ನಕ್ಕು ಕುಡಿದ. ಆಮೇಲೆ ಬಂದ ಕಾರಣ ಹೇಳಿದ. ಕಂಪ್ಯೂಟರ್ ಕೊಂಡಿದ್ದಾನೆ, ಜೊತೆಗೆ ಒಂದು ಡಿಜಿಟಲ್ ಕ್ಯಾಮೆರಾ. “ಫೋಟೊ ತಿದ್ದಾಕ ಯಾವ ಸಾಫ್ಟ್‌ವೇರ್ ತಗೋಬೇಕು ಕಾಕಾ? ನಮ್ಮ ಸಾಲ್ಯಾಗ ಒಬ್ಬಾತ ಅದ ತಗೋ ಅಂತಾನ, ಇನ್ನೊಬ್ಬಾತ ಇದ ತಗೋ ಅಂತಾನ. ನಾ ಹೊಸಬ, ಏನೂ ತಿಳೀವಲ್ದು.”

ಏನು ಕೊಳ್ಳಲಿ ಎಂದು ಯಾರಾದರೂ ನನ್ನನ್ನು ಕೇಳಿದರೆ ನನಗೆ ಊಟ ಬೇಡ. ಮಗಳಿಗೆ ವರ ನೋಡುವವರಿಂದ ಹಿಡಿದು ಹೊಲಿಗೆ ಯಂತ್ರ ಕೊಳ್ಳುವವರವರೆಗೆ ಎಲ್ಲರಿಗೂ ಸಲಹೆ ಕೊಟ್ಟಿದ್ದೇನೆ, ಕೇಳದವರಿಗೂ ಕೊಟ್ಟಿದ್ದೇನೆ. ಆದರೆ ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ನಾನು ಆ ಹಸಿರು ಕಲೆಯಿಂದ ಶುರು ಮಾಡಬೇಕು. ಶಿವುಗೆ ಪುರಸತ್ತು ಇತ್ತು. ನಿಮಗೂ ಇದ್ದರೆ ಕೇಳಿ.

ನಾನು ವ್ಯಾಪಾರ ಕಲಿತದ್ದು ಕಮಲಾಪುರದ ಬಸ್ ನಿಲ್ದಾಣದಲ್ಲಿ, ಕೆಂಪು ಬಾಳೆಹಣ್ಣು ಮಾರುತ್ತ. ನಮ್ಮೂರಿನ ಆ ಹಣ್ಣನ್ನು ನೋಡದವರಿಗೆ ಅದರ ಬಣ್ಣ ಹೇಳುವುದು ಕಷ್ಟ. ಕೆಂಪು ಎಂದರೆ ಮೆಣಸಿನಕಾಯಿ ಅಲ್ಲ, ಕುಂಕುಮವೂ ಅಲ್ಲ. ಸಂಜೆ ಹೊತ್ತು ಮಡ್ಡಿಯ ಮಣ್ಣಿನ ಮೇಲೆ ಬಿಸಿಲು ಬಿದ್ದಾಗ ಒಂದು ಗಳಿಗೆ ಕಾಣುತ್ತದಲ್ಲ, ಅದರ ಹತ್ತಿರದ್ದು. ಪರಸ್ಥಳದವರು ಬಸ್ಸಿನ ಕಿಟಕಿಯಿಂದ ಕೈ ಚಾಚಿ ಹಣ್ಣು ತೆಗೆದುಕೊಂಡು, ಬೆರಳಿಗೆ ಉಗುಳು ಹಚ್ಚಿ ಸಿಪ್ಪೆಯನ್ನು ತಿಕ್ಕಿ ನೋಡುತ್ತಿದ್ದರು. “ಬಣ್ಣ ಹಚ್ಚೀರೇನ್ರಿ ಇದಕ?” ನಾನು, “ಹಚ್ಚೀನ್ರಿ, ಮ್ಯಾಲಿನವ ಹಚ್ಚಿದ್ದು, ತಿಕ್ಕ್ರಿ ಇನ್ನಷ್ಟು” ಎನ್ನುತ್ತಿದ್ದೆ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಬಸ್ಸು ಅಲುಗುವಾಗ ಹಣ್ಣು ಒಳಗಿರಬೇಕು, ರೊಕ್ಕ ಹೊರಗಿರಬೇಕು. ಇದು ಉಲ್ಟಾ ಆದರೆ ನೀವು ವ್ಯಾಪಾರಿಯಲ್ಲ, ದಾನಿ. ಆ ನಿಲ್ದಾಣದಲ್ಲಿ ಕಲಿತ ಇನ್ನೊಂದು ಮಾತೆಂದರೆ ಕೊಸರು. ತೂಕ ಆದ ಮೇಲೆ, ಲೆಕ್ಕ ಮುಗಿದ ಮೇಲೆ, ಗಿರಾಕಿಯ ಚೀಲಕ್ಕೆ ಮೇಲಿಂದ ಬೀಳುವ ಒಂದು ಹಣ್ಣು, ಒಂದು ಹಿಡಿ ಕೊತ್ತಂಬರಿ. ಅದಕ್ಕೆ ದರವಿಲ್ಲ. ಗಿರಾಕಿ ಮನೆಗೆ ಹೋಗಿ ನೆನಪಿಡುವುದು ಮಾತ್ರ ಅದನ್ನೇ.

ಎಂಬತ್ತರ ದಶಕದ ಶುರುವಿನಲ್ಲಿ ಹಣ್ಣಿನ ಬುಟ್ಟಿ ಇಳಿಸಿ ಕಲಬುರಗಿಯಿಂದ ಒಂದು ಹಳೆಯ ಕ್ಯಾಮೆರಾ ತಂದೆ. ಮಾರಿದವನು ತನ್ನ ಸ್ಟುಡಿಯೊ ಮುಚ್ಚುತ್ತಿದ್ದ. ದರ ಕುದುರಿದ ಮೇಲೆ, ಅಭ್ಯಾಸ ಬಿಡುವುದುಂಟೆ, “ಕೊಸರಿಗೇನು ಕೊಡ್ತೀರಿ?” ಎಂದೆ. ಅವನು ಸುತ್ತಲೂ ನೋಡಿ ಒಂದು ಸಣ್ಣ ಪುಸ್ತಕ ಎತ್ತಿ ಕೈಗೆ ಹಾಕಿದ. ಒಳಗೆ ಅಕ್ಷರವಿಲ್ಲ, ಒಂದೊಂದು ಹಾಳೆಗೂ ಒಂದೊಂದು ಬಣ್ಣ ಸವರಿ ಒಣಗಿಸಿದ್ದರು. ಚೂರು ಹರಿದು ನೀರಿನಲ್ಲಿ ನೆನೆ ಹಾಕಿದರೆ ಬಣ್ಣ ಬಿಡುತ್ತಿತ್ತು. ಅದನ್ನು ಕುಂಚದಿಂದ ಕಪ್ಪು ಬಿಳುಪು ಫೋಟೊದ ಮೇಲೆ ಸವರಬೇಕು. ಕಲರ್ ಫೋಟೊ ಎಂದರೆ ನಮ್ಮೂರಲ್ಲಿ ಆಗ ಅದೇ.

ಮೊದಲು ನಾನೇ ಕೈ ಹಾಕಿದೆ. ಊರ ಹಿರಿಯರೊಬ್ಬರ ಫೋಟೊಕ್ಕೆ ತುಟಿ ಬಣ್ಣ ಹಚ್ಚಲು ಹೋಗಿ ಅವರನ್ನು ಬಾಯಿ ತುಂಬ ಎಲೆಯಡಿಕೆ ತಿಂದವರ ಹಾಗೆ ಮಾಡಿಟ್ಟೆ. ಆಗಿನ್ನೂ ಕಸ್ತೂರಿ ಮದುವೆಯಾಗಿ ಬಂದ ಹೊಸತು; ನನ್ನೆದುರು ಜೋರಾಗಿ ನಗುತ್ತಿರಲಿಲ್ಲ. ಅವತ್ತು ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ, “ತರ್ರಿ ಇಲ್ಲಿ” ಎಂದು ಕುಂಚ ಕಸಿದುಕೊಂಡಳು. ಅವತ್ತು ಕಸಿದ ಕುಂಚವನ್ನು ಅವಳು ತಿರುಗಿ ಕೊಡಲಿಲ್ಲ.

ಮುಂದಿನ ಕೋಣೆಯಲ್ಲಿ ನಾನು ಫೋಟೊ ತೆಗೆಯುತ್ತಿದ್ದೆ. ಅದರ ಬಡಗಣ ಕಿಟಕಿಯ ಕೆಳಗೆ ಅವಳ ಮೇಜು. ಮೇಜಿನ ಮೇಲೆ ಈ ಬಸಿ, ಬಸಿಯಲ್ಲಿ ನೆನೆದ ಬಣ್ಣ. ಕುಂಚದ ತುದಿ ಚೂಪಾಗಬೇಕಲ್ಲ, ಅದಕ್ಕೆ ಅದನ್ನು ನಾಲಿಗೆಗೆ ಒತ್ತಿಕೊಳ್ಳುತ್ತಿದ್ದಳು. ಬೇಡವೆಂದರೂ ಕೇಳುತ್ತಿರಲಿಲ್ಲ. ದಿನವಿಡೀ ಅವಳ ನಾಲಿಗೆಗೆ ಒಂದಿಲ್ಲೊಂದು ಬಣ್ಣ. ಸಂಜೆ ನಾನು ಬಾಗಿಲಲ್ಲಿ ನಿಂತು, “ನಾಲಿಗಿ ತೋರ್ಸು” ಎನ್ನುವುದು, ಅವಳು ಅತ್ತಿತ್ತ ನೋಡಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ತುದಿ ತೋರಿಸುವುದು, ಆ ಬಣ್ಣದ ಮೇಲೆ ನಾನು ಇಂದು ಯಾರ ಮನೆಯ ಸೀರೆ ಎಂದು ಗುರುತು ಹಿಡಿಯುವುದು. ಹೊಸ ಗಂಡಹೆಂಡಿರ ಆಟ ಎಂದರೆ ನಮ್ಮದು ಇಷ್ಟೇ.

ಸೀರೆಯ ಮಾತು ಬಂತು, ಹೇಳಿಯೇ ಬಿಡುತ್ತೇನೆ. ಕಪ್ಪು ಬಿಳುಪು ಫೋಟೊದಲ್ಲಿ ಸೀರೆ ಯಾವ ಬಣ್ಣದ್ದೆಂದು ತಿಳಿಯುವುದಿಲ್ಲ. ಬಣ್ಣ ಹಚ್ಚಿಸಲು ಬಂದವರನ್ನೇ ಕೇಳಬೇಕು. ಅವರು ಹೇಳುವುದು ಉಟ್ಟ ಸೀರೆಯ ಬಣ್ಣವನ್ನಲ್ಲ, ಉಡಬೇಕೆಂದಿದ್ದ ಸೀರೆಯ ಬಣ್ಣವನ್ನು. ಇದು ನನಗೆ ತಿಳಿಯಲು ವರ್ಷಗಳೇ ಹಿಡಿದವು, ಕಸ್ತೂರಿಗೆ ಮೊದಲ ವಾರವೇ ತಿಳಿದಿತ್ತು. ನಮ್ಮ ಸುತ್ತಿನ ಹಳ್ಳಿಗಳ ಗೋಡೆಗಳ ಮೇಲೆ ಆ ಕಾಲದ ಮದುವೆ ಫೋಟೊಗಳಿದ್ದರೆ ನೋಡಿ, ಯಾವ ಅಂಗಡಿಯಲ್ಲೂ ಯಾರೂ ಕೊಳ್ಳದ ಸೀರೆಗಳು ಅವುಗಳಲ್ಲಿವೆ.

ನಿಂಗವ್ವ ಮತ್ತು ಭೀಮಣ್ಣ ಹಾಗೆಯೇ ಬಂದಿದ್ದರು. ಭೀಮಣ್ಣ ಮನೆಗಳಿಗೆ ಶಹಾಬಾದಿ ಕಲ್ಲು ಹಾಸುವ ಕೆಲಸದವನು. ಉಗುರ ಸಂದಿಯಲ್ಲಿ ಯಾವಾಗಲೂ ಸುಣ್ಣ. ಅವರ ಮದುವೆ ಫೋಟೊ ನಾನೇ ತೆಗೆದದ್ದು, ನಿಂಗವ್ವ ಉಟ್ಟದ್ದು ಅರಿಸಿನ ನೀರಲ್ಲಿ ಅದ್ದಿದ ಬಿಳಿ ಸೀರೆ ಎಂಬುದನ್ನು ಕಣ್ಣಾರೆ ಕಂಡಿದ್ದೆ. ನಿಂಗವ್ವ ಕಸ್ತೂರಿಯ ಕಿವಿಯ ಹತ್ತಿರ ಬಾಗಿ, “ಹಸರ ಮಾಡ್ರಿ ಅಕ್ಕಾ. ಅಂಚು ಕೆಂಪು” ಎಂದಳು. ನಾನು ಬಾಯಿ ತೆರೆಯುವುದರೊಳಗೆ ಭೀಮಣ್ಣ ನಕ್ಕು ಹೇಳಿದ: “ಮಾಡ್ರಿ ಅಕ್ಕಾರ. ಈ ಸೀರಿ ಆದ್ರ ನನ್ನ ಕೈಲಿ ಕೊಡಸಾಕ ಆಗ್ತದ.”

ಕಸ್ತೂರಿ ಹಸಿರು ಮಾಡಿದಳು. ಬಳೆಗಳನ್ನೂ ಹಸಿರು ಮಾಡಿದಳು. ಸೀರೆಗೆ ಇಷ್ಟು, ಪೇಟಕ್ಕೆ ಇಷ್ಟು, ಹಿಂದಿನ ಪರದೆಗೆ ಇಷ್ಟು ಎಂದು ನಾನು ದರ ಕಟ್ಟಿದ್ದೆ. ಬಳೆಗೂ ಕಟ್ಟಲು ಹೋದಾಗ ಅವಳು ಕಣ್ಣು ಕೆಂಪಗೆ ಮಾಡಿದಳು. “ಮುತ್ತೈದಿ ಬಳಿಗಿ ರೊಕ್ಕ ತಗೋತೀರೇನ್ರಿ? ಅದು ನನ್ನ ಕೊಸರು.” ಅಂದಿನಿಂದ ನಮ್ಮ ಸ್ಟುಡಿಯೊದಲ್ಲಿ ಬಳೆಗೆ ದರವಿಲ್ಲ. ಈ ಬಸಿಯ ಅಂಚಿನ ಕಲೆ ಆ ಬಳೆಗಳದ್ದು. ಬೇರೆ ಬಣ್ಣ ದಿನಾ ತೊಳೆದುಹೋಗುತ್ತಿತ್ತು. ಹಸಿರು ಮಾತ್ರ ದಿನಾ ಬೇಕಾಗುತ್ತಿದ್ದರಿಂದ ಅಂಚಿನಲ್ಲಿ ಹಾಗೆಯೇ ಉಳಿದು ಪಿಂಗಾಣಿಯೊಳಗೇ ಇಳಿಯಿತು.

ತೊಂಬತ್ತರ ಸುಮಾರಿಗೆ ನಿಜವಾದ ಕಲರ್ ರೀಲು ಬಂತು. ನಾನು ಕುಣಿದೆ. ರೀಲು ಕಲಬುರಗಿಯ ಲ್ಯಾಬಿಗೆ ಬಸ್ಸಿನಲ್ಲಿ ಕಳಿಸಿದರೆ ಮೂರನೆಯ ದಿನ ಬಣ್ಣಬಣ್ಣವಾಗಿ ತಿರುಗಿ ಬರುತ್ತಿತ್ತು. ಅರಿಸಿನದ ಸೀರೆ ಅರಿಸಿನವಾಗಿಯೇ ಬರುತ್ತಿತ್ತು, ಪಾಪ. ಕಿಟಕಿಯ ಕೆಳಗಿನ ಮೇಜಿನ ಮೇಲೆ ಫ್ರೇಮಿನ ಕಟ್ಟಿಗೆ, ಗಾಜು, ಮೊಳೆ ಡಬ್ಬಿ ಬಂದು ಕುಳಿತವು. ಬಸಿ ಅಡುಗೆಮನೆಗೆ ಹೋಯಿತು. ಕಸ್ತೂರಿಯೂ ಬಸಿಯ ಹಿಂದೆ ಹೋದಳು.

ಅವಳು ಜಗಳಾಡಲಿಲ್ಲ. ಜಗಳಾಡಿದ್ದರೆ ನಾನು ಚೌಕಾಶಿ ಮಾಡಿ ಸರಿಪಡಿಸಿಕೊಳ್ಳುತ್ತಿದ್ದೆ. ಮುಂದಿನ ಕೋಣೆಗೆ ಬರುವುದನ್ನೇ ಬಿಟ್ಟಳು. ಮದುವೆಯ ಆಲ್ಬಮ್ ತೋರಿಸಿದರೆ ಕೈ ಒದ್ದೆಯಿದೆ ಎಂದು ದೂರದಿಂದಲೇ, “ಛಲೋ ಬಂದಾವ” ಎನ್ನುತ್ತಿದ್ದಳು. ರೊಟ್ಟಿ ಬಡಿಯುವಾಗ ಕೈ ಒದ್ದೆಯಿರುತ್ತದೆ, ಒಪ್ಪುತ್ತೇನೆ. ರೊಟ್ಟಿ ಬಡಿಯದಾಗಲೂ ಒದ್ದೆಯಿರುತ್ತಿತ್ತು. ವರ್ಷಗಳು ಹೀಗೇ ಕಳೆದವು, ನನಗೆ ಗಿರಾಕಿ ಹೆಚ್ಚಾದರು, ಮನೆಯಲ್ಲಿ ಫೋಟೊದ ಮಾತು ಕಡಿಮೆಯಾಯಿತು.

ಎರಡು ಸಾವಿರ ಇಸವಿ ದಾಟಿದ ಮೇಲೆ ಒಂದು ಮಳೆಗಾಲದ ಕೊನೆಗೆ ನಿಂಗವ್ವ ಬಂದಳು. ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಫೋಟೊ. ಭೀಮಣ್ಣ ತೀರಿಕೊಂಡು ವರ್ಷವಾಗಿತ್ತು. ಅವಳ ಕೈಗಳು ಬರಿದಾಗಿದ್ದವು. ಗೋಡೆಯಲ್ಲಿ ನೀರು ಇಳಿದು ಫೋಟೊ ಗಾಜಿಗೆ ಅಂಟಿತ್ತು. ಬಿಡಿಸಲು ಹೋಗಿ ಕೆಳಗಿನ ಅರ್ಧ ಎದ್ದುಬಂದಿತ್ತು. ಮುಖಗಳು ಉಳಿದಿದ್ದವು. ಸೆರಗಿನ ಕೆಳಗೆ ಸುಣ್ಣ ಬಳಿದ ಹಾಗೆ ಬಿಳಿ. ನಿಂಗವ್ವಳ ಕೈ ಇರಬೇಕಾದಲ್ಲಿ ಏನೂ ಇರಲಿಲ್ಲ.

ನಾನು ಒಳಗೆ ಕೂಗಿ ಕರೆದೆ. ಕಸ್ತೂರಿ ಹೊಸ್ತಿಲಲ್ಲಿ ನಿಂತು ನೋಡಿದಳು, ಆಮೇಲೆ ಒಳಗೆ ಬಂದು ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದಳು.

“ಕಾಗದನ ಸತ್ತು ಹೋಗ್ಯದ ನಿಂಗವ್ವ. ನೀರಿನ ಕುಂಚ ತಾಗಿಸಿದ್ರ ಉಳದದ್ದೂ ಹೋಗ್ತದ.”

“ಆತ ನನ್ನ ಬಾಜೂಕ ನಿಂತದ್ದು ಇದೊಂದ ಅದ ಅಕ್ಕಾ. ಇರ್ಲಿ, ನಿಮ್ಮಲ್ಲೇ ಇರ್ಲಿ. ಏನರ ಹಾದಿ ಹೊಳದ್ರ ನೋಡ್ರಿ.”

ಅವಳು ಹೋದಳು. ಕಸ್ತೂರಿ ಆ ಫೋಟೊವನ್ನು ಒಳಗೆ ಒಯ್ದು ಜೋಳದ ಹಿಟ್ಟಿನ ಡಬ್ಬಿಯ ಮೇಲೆ, ಒಣಗಿದ ಜಾಗದಲ್ಲಿ ಇಟ್ಟಳು. ಬಹಳ ವರ್ಷಗಳ ಮೇಲೆ ಅವಳು ಒಂದು ಫೋಟೊವನ್ನು ಕೈಗೆ ತೆಗೆದುಕೊಂಡದ್ದು ನೋಡಿದ ನಾನು ಆಗಲೇ ನಿರ್ಧಾರ ಮಾಡಿದೆ. ನಿಂಗವ್ವಗೆ ಅವಳ ಫೋಟೊ ಬೇಕು. ನನಗೆ ಕಸ್ತೂರಿ ಆ ಮೇಜಿಗೆ ವಾಪಸ್ ಬರಬೇಕು. ಕಂಪ್ಯೂಟರಿನಲ್ಲಿ ಕಾಗದಕ್ಕೆ ನೀರು ತಾಗಿಸದೆ ಬಣ್ಣ ಹಚ್ಚಬಹುದು ಎಂದು ಕೇಳಿದ್ದೆ. ಒಂದು ಸಾಮಾನಿನಿಂದ ಎರಡು ಕೆಲಸ.

ಕಸ್ತೂರಿಗೆ ಹೇಳಿದೆ. “ತರ್ರಿ, ಬ್ಯಾಡ ಅನ್ನಂಗಿಲ್ಲ” ಎಂದಳು. “ನನ್ನ ಮಾತ್ರ ಕರೀಬ್ಯಾಡ್ರಿ. ಕಲರ್ ಬಂದಾಗೂ ನೀವು ಹಿಂಗ ಕುಣದೀರಿ.”

ಇರಲಿ, ಮೊದಲು ಸಾಮಾನು ಬರಲಿ ಎಂದುಕೊಂಡೆ. ಈಗ ಶಿವುವಿನ ಪ್ರಶ್ನೆಗೆ ಬಂದೆ ನೋಡಿ. ಹೊಸಬನಾದವನು ಫೋಟೊ ತಿದ್ದುವ ಸಾಫ್ಟ್‌ವೇರ್ ಹೇಗೆ ಆರಿಸಬೇಕು? ಕಲ್ಲಂಗಡಿಯನ್ನು ಬಡಿದು ನೋಡುತ್ತೇವೆ. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತೇವೆ. ಸಾಫ್ಟ್‌ವೇರಿಗೆ ಹಲ್ಲಿಲ್ಲ. ಆದರೆ ಬಣ್ಣ ಇದೆ. ಬಣ್ಣದಲ್ಲಿ ನನಗೆ ಮೋಸ ಮಾಡುವವನು ಇನ್ನೂ ಹುಟ್ಟಿಲ್ಲ ಎಂಬ ಧಿಮಾಕಿನಿಂದ ನಾನು ಕೆಂಪು ಬಾಳೆಹಣ್ಣಿನ ಒಂದು ಚಿಪ್ಪನ್ನು ಫೋಟೊ ತೆಗೆದೆ, ಲ್ಯಾಬಿನಿಂದ ಪ್ರತಿ ತರಿಸಿದೆ. ಆ ಫೋಟೊ ಕಿಸೆಯಲ್ಲಿ, ಅಂಥದೇ ಹಣ್ಣಿನ ಚಿಪ್ಪು ಕೈಚೀಲದಲ್ಲಿ, ಕಲಬುರಗಿಯ ಬಸ್ಸು ಹತ್ತಿದೆ. ಯಾರ ಸಾಫ್ಟ್‌ವೇರ್ ಫೋಟೊದ ಹಣ್ಣನ್ನು ಕೈಯಲ್ಲಿನ ಹಣ್ಣಿನ ಹಾಗೆ ಮಾಡುತ್ತದೋ ಅದು ನನ್ನದು. ಇಂಥ ಪರೀಕ್ಷೆ ಕಮಲಾಪುರದವನಿಗಲ್ಲದೆ ಯಾರಿಗೆ ಹೊಳೆಯಬೇಕು?

ಸೂಪರ್ ಮಾರ್ಕೆಟ್ ಹತ್ತಿರದ ಗಲ್ಲಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಸಿ.ಡಿ. ಮಾರುವ ಒಬ್ಬ ದಾಡಿಯವ ಕುಳಿತಿದ್ದ. “ಆವೋ ಚಾಚಾ. ಏನ್ ಬೇಕ್ರಿ?”

“ಫೋಟೊ ತಿದ್ದೂದು.”

“ಯೇ ಲೇಲೋ. ಇದರಾಗ ಸಬ್ ಕುಛ್ ಅದ. ಆಸ್ಮಾನ್ ಬದಲಿ ಮಾಡ್ತದ, ಮುಖ ಗೋರಾ ಮಾಡ್ತದ, ಮೂಗು ಸೀದಾ ಮಾಡ್ತದ.”

“ಸಬ್ ಕುಛ್ ಬ್ಯಾಡಪಾ. ಈ ಹಣ್ಣು ಮಾಡಿ ತೋರ್ಸು.” ಚೀಲದಿಂದ ಚಿಪ್ಪು ತೆಗೆದು ಅವನ ಮುಂದೆ ಇಟ್ಟೆ.

ಅವನು ಹಣ್ಣು ನೋಡಿದ, ನನ್ನ ಮುಖ ನೋಡಿದ, ಮತ್ತೆ ಹಣ್ಣು ನೋಡಿದ. “ಚಾಚಾ, ನಾ ಸಾಫ್ಟ್‌ವೇರ್ ಮಾರ್ತೀನಿ. ಹಣ್ಣಿನ ಬಂಡಿ ಅಲ್ಲಿ ಮುಂದ ನಿಲ್ತದ.”

ಆದರೂ ಪುಣ್ಯಾತ್ಮ, ಫೋಟೊ ಒಳಗೆ ಹಾಕಿ ತಿರುವಿ ತಿರುವಿ ನೋಡಿದ. ಪರದೆಯ ಮೇಲೆ ನನ್ನ ಹಣ್ಣು ಬದನೆಕಾಯಿಯಾಯಿತು. ಹೊರಟೆ. ಅವನು ಹಿಂದಿನಿಂದ ಕೂಗಿದ: “ಅರ್ಧಾ ಕೊಡ್ರಿ ಚಾಚಾ!” ಕಾಲು ತೆಗೆದಾಗ ದರ ಇಳಿಯುತ್ತದೆ ಎಂಬುದು ನನಗೆ ಗೊತ್ತು. ಆದರೆ ಬದನೆಕಾಯಿಯನ್ನು ಅರ್ಧ ದರಕ್ಕೆ ಕೊಂಡು ಏನು ಮಾಡಲಿ? ಇನ್ನೊಂದು ಅಂಗಡಿಯಲ್ಲಿ ಹಣ್ಣು ಮೆಣಸಿನಕಾಯಿಯಾಯಿತು. ಮತ್ತೊಂದರಲ್ಲಿ ಅಂಗಡಿಯವನ ಸ್ನೇಹಿತರು ಒಂದು ಹಣ್ಣು ತಿಂದು, ಬಹಳ ಚೆನ್ನಾಗಿದೆ ಎಂದರು. ಸಾಫ್ಟ್‌ವೇರಿನ ಬಗ್ಗೆ ಏನೂ ಹೇಳಲಿಲ್ಲ.

ಕೊನೆಗೆ ಸೇಡಂ ರಸ್ತೆಯಲ್ಲಿ ಒಂದು ಮಹಡಿ ಹತ್ತಿದೆ. ಅಲ್ಲಿ ವೃಂದಾ ಎಂಬ ಹೆಣ್ಣುಮಗಳು ಕಂಪ್ಯೂಟರ್ ಕಲಿಸುತ್ತಿದ್ದಳು, ಸಾಮಾನೂ ತರಿಸಿ ಕೊಡುತ್ತಿದ್ದಳು. ಮುಂದಿನ ಕೋಣೆಯಲ್ಲಿ ಕ್ಲಾಸು, ಹಿಂದೆ ಮನೆ; ಒಳಗಿದ್ದ ತಾಯಿಯ ಜೊತೆ ಮರಾಠಿ, ನಮ್ಮ ಜೊತೆ ಕನ್ನಡ, ಎರಡಕ್ಕೂ ಒಂದೇ ವೇಗ. ನನ್ನ ಬಾಳೆಹಣ್ಣಿನ ಪುರಾಣ ಕೇಳಿ ಆಕೆ ನಗಲಿಲ್ಲ. ಹಣ್ಣಿನ ಫೋಟೊವನ್ನು ಒಂದು ಕಂಪ್ಯೂಟರಿನಲ್ಲಿ ತೋರಿಸಿದಳು: ಬದನೆಕಾಯಿ. ಪಕ್ಕದ ಕಂಪ್ಯೂಟರಿನಲ್ಲಿ ತೋರಿಸಿದಳು: ಮೆಣಸಿನಕಾಯಿ.

“ಎರಡರಾಗೂ ಸಾಫ್ಟ್‌ವೇರ್ ಒಂದ ಕಾಕಾ. ಪರದಿ ಬ್ಯಾರೆ. ಅಂಗಡಿ ಅಂಗಡಿ ತಿರುಗಿ ನೀವು ಪರೀಕ್ಷಾ ಮಾಡಿದ್ದು ಪರದೀನ, ಸಾಫ್ಟ್‌ವೇರ್ ಅಲ್ಲ.”

“ಆದ್ರ ಖರೇ ಹಣ್ಣು ಇದ್ದಂಗ ಅದಲ್ಲವ್ವಾ?” ಎಂದು ಚಿಪ್ಪು ಹೊರಗೆ ತೆಗೆದೆ. ಬೆಳಗಿನಿಂದ ಬಸ್ಸು, ಬಿಸಿಲು, ಚೀಲ ಎಂದು ಅಲೆದ ಹಣ್ಣು ಕಪ್ಪು ತಿರುಗಿತ್ತು. ನನ್ನ ಸಾಕ್ಷಿಯೇ ಹೇಳಿಕೆ ಬದಲಿಸಿತ್ತು.

ಈಗ ಆಕೆ ನಕ್ಕಳು. ಒಳಗಿನಿಂದ ತಟ್ಟೆ ತರಿಸಿದಳು, ಉಳಿದ ಹಣ್ಣನ್ನು ಹಂಚಿ ತಿಂದೆವು. ತಿನ್ನುತ್ತ ಕೇಳಿದಳು: “ಯಾರು ಕೂಡೋರು ಕಾಕಾ ಇದರ ಮುಂದ? ನೀವೋ?”

ಇಡೀ ದಿನ ಯಾರೂ ಕೇಳದ ಪ್ರಶ್ನೆ. ಕೊಳ್ಳುವವನು ನಾನು, ಕೂಡುವವಳು ಮನೆಯಲ್ಲಿ, ಕರೆಯಬೇಡಿ ಎಂದವಳು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ವೃಂದಾ ಸಿಪ್ಪೆಯನ್ನು ತಟ್ಟೆಗೆ ಹಾಕುತ್ತ, “ಹಂಗಾದ್ರ ಕಾಕೂನ ಕರಕೊಂಡು ಬರ್ರಿ. ಬಳಿ ಇಡಿಸ್ಕೊಳ್ಳೋರು ಬರದ ಬಳಿ ಅಳತಿ ಹ್ಯಾಂಗ ಸಿಗ್ತದ?” ಎಂದಳು.

ಕರೆದರೆ ಕಸ್ತೂರಿ ಬರುತ್ತಿರಲಿಲ್ಲ. ಆದರೆ ಅವಳಿಗೆ ಸೂಜಿಗೆ ದಾರ ಪೋಣಿಸುವುದು ಕಷ್ಟವಾಗಿತ್ತು, ಚಾಳೀಸು ಬಂದಿತ್ತು. ಕಣ್ಣಿನ ಡಾಕ್ಟರು ಇದ್ದದ್ದೂ ಸೇಡಂ ರಸ್ತೆಯಲ್ಲೇ. ಮುಂದಿನ ವಾರ ಕರೆದೊಯ್ದೆ. ಕನ್ನಡಕ ಆಗುವವರೆಗೆ ಬಿಸಿಲಲ್ಲಿ ಎಲ್ಲಿ ಕೂಡುವುದು, ಇಲ್ಲೇ ಗುರುತಿನವರೊಬ್ಬರು ಇದ್ದಾರೆ ಎಂದೆ. ಮೆಟ್ಟಿಲ ಕೆಳಗೆ ಬೋರ್ಡು ನೋಡಿ ಅವಳು ನಿಂತಳು.

“ಇದು ನಿಮ್ಮ ವ್ಯಾಪಾರ ಅಂತ ಬಸ್ಸಿನಾಗ ಗೊತ್ತಾಗಿತ್ತು ನನಗ.”

“ಮತ್ತ ಯಾಕ ಇಳದಿ?”

“ಕನ್ನಡಕ ಖರೇನ ಬೇಕಾಗಿತ್ತಲ್ಲ.”

ಆದರೂ ಮೆಟ್ಟಿಲು ಹತ್ತಿದಳು. ಅವಳ ಕೈಚೀಲದಲ್ಲಿ ನಿಂಗವ್ವಳ ಫೋಟೊ ಇತ್ತು. ನಾನು ಇಡಲು ಹೇಳಿರಲಿಲ್ಲ.

ವೃಂದಾ ಫೋಟೊವನ್ನು ಸ್ಕ್ಯಾನರಿನ ಗಾಜಿನ ಮೇಲೆ ಮಲಗಿಸಿದಳು, ಅದು ಪರದೆಯ ಮೇಲೆ ಎದ್ದಿತು. ಮೊದಲು ದೊಡ್ಡ ಸಾಫ್ಟ್‌ವೇರ್ ತೆಗೆದಳು. ಸುತ್ತಲೂ ಗುಂಡಿಗಳು, ಪಟ್ಟಿಗಳು. ನಡುವೆ ನಿಂಗವ್ವ, ಭೀಮಣ್ಣ, ಸಂತೆಯಲ್ಲಿ ತಪ್ಪಿಸಿಕೊಂಡವರ ಹಾಗೆ. ನನ್ನ ಕಣ್ಣು ಅರಳಿತು. ಇಷ್ಟು ಸಾಮಾನಿದ್ದರೆ ಎಷ್ಟು ದರಕ್ಕಾದರೂ ಲಾಭವೇ. ಕಸ್ತೂರಿ ಇಲಿಯಂಥ ಆ ಮೌಸನ್ನು ಹಿಡಿದು ಒಂದು ಗೆರೆ ಎಳೆದಳು. ಅದು ಭೀಮಣ್ಣನ ಮೂಗಿನ ಮೇಲೆ ಹಾದುಹೋಯಿತು. ಬೆಚ್ಚಿ ಕೈ ಎತ್ತಿಬಿಟ್ಟಳು.

“ಹೆದರಬ್ಯಾಡ್ರಿ ಕಾಕೂ. ಹಿಂದಕ ಹೋಗಬಹುದು ಇದರಾಗ.” ವೃಂದಾ ಏನೋ ಒತ್ತಿದಳು, ಗೆರೆ ಮಾಯವಾಯಿತು.

“ಎಷ್ಟು ಹಿಂದಕ?”

“ಬೇಕಾದಷ್ಟು. ಮುಂಜಾನಿಂದ ಮಾಡಿದ್ದೆಲ್ಲಾ ತಗದು ಮೊದಲಿನಂಗ ಮಾಡಬಹುದು.”

ನಾನು ನಡುವೆ ಬಾಯಿ ಹಾಕಿದೆ: “ಕೇಳಿದಿಲ್ಲೋ? ಹಾಳಿ ಮ್ಯಾಲೆ ಇದು ಎಲ್ಲಿತ್ತು?”

ಕಸ್ತೂರಿ ನನ್ನ ಕಡೆ ನೋಡಲಿಲ್ಲ. “ಸಣ್ಣದು ಯಾವುದರ ಅದ ಏನವ್ವಾ?” ಎಂದು ವೃಂದಾಳನ್ನೇ ಕೇಳಿದಳು.

ವೃಂದಾ ಯೋಚಿಸಿ, ಸ್ಕ್ಯಾನರಿನ ಡಬ್ಬಿಯ ತಳದಿಂದ ಒಂದು ತೆಳ್ಳಗಿನ ಸಿ.ಡಿ. ತೆಗೆದಳು. ಸ್ಕ್ಯಾನರ್ ಕೊಂಡವರಿಗೆ ಕಂಪನಿಯವರು ಸುಮ್ಮನೆ ಹಾಕಿಕೊಡುವುದು. ಯಾರೂ ಬಿಚ್ಚಿ ನೋಡುವುದಿಲ್ಲ ಎಂದಳು. ಹಾಕಿದಳು. ಒಂದು ಕುಂಚ, ಒಂದು ಒರೆಸುವ ರಬ್ಬರು, ಕೆಳಗೆ ಸಾಲಾಗಿ ಬಣ್ಣದ ಚೌಕಗಳು. ಫೋಟೊವನ್ನು ಹತ್ತಿರ ತಂದು ದೊಡ್ಡದು ಮಾಡಿ ನೋಡಬಹುದು. ಅಷ್ಟೇ.

“ಇದು ಒಂದ ಹೆಜ್ಜಿ ಹಿಂದಕ ಹೋಗ್ತದ ಕಾಕೂ. ಅದರಾಚಿ ಹೋಗಂಗಿಲ್ಲ.”

“ಒಂದ ಹೆಜ್ಜಿ ಸಾಕು,” ಎಂದಳು ಕಸ್ತೂರಿ. “ಕೈ ಜಾರಿದ್ರ ಒಂದ ಸಲ ಮಾಫಿ ಇರಬೇಕು. ಎಲ್ಲಾದಕ್ಕೂ ಮಾಫಿ ಇತ್ತಂದ್ರ ಕೈ ಎಚ್ಚರ ಇರಂಗಿಲ್ಲ.”

ನನ್ನ ಜೀವಮಾನದಲ್ಲಿ ಗಿರಾಕಿಯೊಬ್ಬರು ಕಡಿಮೆ ಸಾಮಾನಿರುವುದನ್ನೇ ಬೇಕೆಂದು ಆರಿಸಿದ್ದನ್ನು ನಾನು ಅದೇ ಮೊದಲು ನೋಡಿದೆ. “ದೊಡ್ಡದನ್ನೂ ಇಟ್ಟುಕೋ, ಇರಲಿ, ಮುಂದೆಂದಾದರೂ ಬೇಕಾದೀತು” ಎಂದು ಹೇಳಬೇಕೆಂದು ಬಾಯಿ ತೆರೆದೆ. ಆಗ ಕಸ್ತೂರಿ ಹೊಸ ಬಣ್ಣದ ಚೌಕ ಆರಿಸಿಕೊಳ್ಳಲು ಪರದೆಯ ಹತ್ತಿರ ಬಾಗಿದಳು. ಬಾಗಿ, ಮೌಸ್ ಬಿಟ್ಟು, ಬಲಗೈಯ ಬೆರಳುಗಳನ್ನು ಕುಂಚ ಹಿಡಿದ ಹಾಗೆ ಕೂಡಿಸಿ ನಾಲಿಗೆಯ ತುದಿಗೆ ತಂದಳು. ಅವಳಿಗೆ ತಿಳಿಯಲೇ ಇಲ್ಲ. ನಾನು ಬಾಯಿ ಮುಚ್ಚಿಕೊಂಡೆ.

ಕಂಪ್ಯೂಟರಿಗೂ ಸ್ಕ್ಯಾನರಿಗೂ ವೃಂದಾಳ ಜೊತೆ ಚೌಕಾಶಿ ಮಾಡಿದೆ, ಬಿಡಲಿಲ್ಲ. ಆದರೆ ಕೊನೆಯಲ್ಲಿ, ಅಭ್ಯಾಸದಂತೆ, ಕೊಸರಿಗೇನು ಎಂದು ಕೇಳಿದಾಗ ಆಕೆ ಆ ತೆಳ್ಳಗಿನ ಸಿ.ಡಿ.ಯನ್ನೇ ಎತ್ತಿ ತೋರಿಸಿದಳು. “ನೀವು ಕೇಳೂಕಿಂತ ಮೊದಲ ಡಬ್ಬಿಯಾಗ ಅದ ಕಾಕಾ.”

ಕಮಲಾಪುರದಲ್ಲಿ ಆ ಮೇಜಿನ ಮೇಲಿನ ಫ್ರೇಮು, ಗಾಜು, ಮೊಳೆ ಎಲ್ಲ ಇಳಿಸಿದೆ. ಕಂಪ್ಯೂಟರ್ ಇಟ್ಟ ಮೇಲೂ ಮೊದಲ ಕೆಲವು ದಿನ ಅವಳು ಕೋಣೆಯ ಕಸ ಹೊಡೆಯುವ ನೆಪದಲ್ಲಿ ಬಂದು ನೋಡಿ ಹೋದಳು. ಆಮೇಲೆ ಒಂದು ಮಧ್ಯಾಹ್ನ, ಊಟವಾಗಿ ನಾನು ಒರಗಿದ್ದಾಗ, ಕುರ್ಚಿ ಎಳೆದ ಸದ್ದಾಯಿತು. ಎದ್ದು ನೋಡಲಿಲ್ಲ. ಗಿರಾಕಿ ಹಣ್ಣು ಕೈಗೆತ್ತಿಕೊಂಡಾಗ ವ್ಯಾಪಾರಿ ಬೇರೆ ಕಡೆ ನೋಡಬೇಕು, ಇದನ್ನು ನಾನು ನಿಮಗೆ ಪುಕ್ಕಟೆ ಹೇಳುತ್ತಿದ್ದೇನೆ.

ನಿಂಗವ್ವಳ ಫೋಟೊಕ್ಕೆ ದಿನಗಳು ಹಿಡಿದವು. ಬಿಳಿಯಾಗಿ ಹೋದ ಜಾಗದಲ್ಲಿ ನೆರಿಗೆ ಎಲ್ಲಿತ್ತು, ಕೈ ಹೇಗಿತ್ತು ಎಂದು ನನ್ನ ನೆಗೆಟಿವ್ ಡಬ್ಬಿ ಹುಡುಕಿದೆ. ಅದನ್ನು ಎಂದೋ ಗೆದ್ದಲು ತಿಂದಿತ್ತು. “ಹುಡುಕಬ್ಯಾಡ್ರಿ” ಎಂದಳು ಕಸ್ತೂರಿ. “ಆ ಬಳಿ ಹಾಕಿದಾಕಿ ನಾ. ಎಲ್ಲಿದ್ದು ಅಂತ ನನಗ ಗೊತ್ತಿಲ್ಲೇನು?”

ಒಂದು ಸಂಜೆ ಬೀಗ ಹಾಕುವ ಹೊತ್ತಿಗೆ ಬಾಗಿಲಲ್ಲಿ ನಿಂತೆ. ಅವಳು ಹೊಸ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಕುಳಿತಿದ್ದಳು. ಬಾಯಿಂದ ತಾನಾಗಿ ಬಂತು: “ನಾಲಿಗಿ ತೋರ್ಸು.”

ಅವಳು ತಿರುಗಿದಳು. ಈಗ ಅತ್ತಿತ್ತ ನೋಡುವ ಗೋಜು ಇರಲಿಲ್ಲ. ತೋರಿಸಿದಳು. ನಾಲಿಗೆ ನಾಲಿಗೆಯ ಬಣ್ಣದ್ದೇ ಇತ್ತು. “ಹೇಳ್ರಿ, ಯಾರ ಸೀರಿ?”

ದೂರ ನಿಂತು ಗುರುತು ಹಿಡಿಯುವಂತಿರಲಿಲ್ಲ. ಮೇಜನ್ನು ಸುತ್ತಿ ಅವಳ ಹಿಂದೆ ಹೋಗಿ ನಿಂತೆ, ಬಾಗಿ ನೋಡಿದೆ. ಅಷ್ಟು ವರ್ಷ ನಾಲಿಗೆ ನೋಡಿ ಬಣ್ಣ ಹೇಳಿದವನು ಅವಳು ಕೆಲಸ ಮಾಡುವುದನ್ನು ಹಿಂದೆ ನಿಂತು ನೋಡಿದ್ದು ಅದೇ ಮೊದಲು. ಹಸಿರು ಸೀರೆ, ಕೆಂಪು ಅಂಚು. ಅವಳು ಮತ್ತೆ ಮೌಸ್ ಹಿಡಿದಳು. ದೀಪ ಹಚ್ಚುವವರೆಗೂ ಅಲ್ಲಿಯೇ ನಿಂತಿದ್ದೆ.

ಇಷ್ಟು ಹೇಳುವಷ್ಟರಲ್ಲಿ ಶಿವುವಿನ ಎರಡನೆಯ ಚಹಾ ತಣ್ಣಗಾಗಿತ್ತು. “ಅಲ್ಲ ಕಾಕಾ, ಯಾವುದು ತಗೋಬೇಕು ಅಂತ ಹೇಳಲೇ ಇಲ್ಲಲ್ಲ?” ಎಂದ. “ಹೇಳಿದ್ನಲ್ಲೋ. ಮೊದಲ ನಿನ್ನ ಫೋಟೊ ತಗೊಂಡು ಬಾ. ಅದರಾಗ ಏನ್ ಹೋಗ್ಯದ ನೋಡೋಣು” ಎಂದೆ. ಕಸ್ತೂರಿ ಒಳಗಿನಿಂದ, “ಅವರನ್ನ ಕೇಳಬ್ಯಾಡೋ, ಬಾಳಿಹಣ್ಣು ಹೊರಸ್ತಾರ” ಎಂದಳು. ಮಾಸ್ತರ ನಕ್ಕು ಎದ್ದ. ಮುಂದಿನ ವಾರ ಬರುತ್ತಾನೆ; ಬಂದರೆ ಕಸ್ತೂರಿಯ ಪಕ್ಕದ ಕುರ್ಚಿ ಅವನಿಗೆ.

ನಿಂಗವ್ವ ತನ್ನ ಫೋಟೊ ಒಯ್ಯಲು ಬಂದ ದಿನದ ಮಾತು ಉಳಿಯಿತು. ಫೋಟೊವನ್ನು ಕಲಬುರಗಿಯಲ್ಲಿ ಪ್ರಿಂಟು ಹಾಕಿಸಿ ಹೊಸ ಗಾಜು ಕೂಡಿಸಿ ಇಟ್ಟಿದ್ದೆ. ನಿಂಗವ್ವ ಅದನ್ನು ಎರಡೂ ಕೈಯಿಂದ ಹಿಡಿದುಕೊಂಡು ಬಾಗಿಲ ಬೆಳಕಿಗೆ ಹೋದಳು. ಮೊದಲು ಭೀಮಣ್ಣನ ಮುಖ ನೋಡಿದಳು. ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಕಣ್ಣು ಕೆಳಗಿಳಿದು ಕೈಗಳ ಮೇಲೆ ನಿಂತಿತು. ಹಸಿರು ಬಳೆಗಳು ಮುಂಗೈಯಿಂದ ಮೇಲಕ್ಕೆ ಒತ್ತೊತ್ತಾಗಿ ಏರಿದ್ದವು.

“ಅಕ್ಕಾ,” ಎಂದಳು, “ಇಷ್ಟ ಬಳಿ ಅವಾಗ ಇದ್ದಿದ್ದಿಲ್ಲಲ್ಲ?”

ಕಸ್ತೂರಿ ಬಸಿಗೆ ಚಹಾ ಬಗ್ಗಿಸಿ ಅವಳ ಮುಂದೆ ಸರಿಸಿದಳು. “ಕೊಸರು ನಿಂಗವ್ವ. ಒಯ್ಯಿ.”